ನಾನು ತಲೆಯಾಡಿಸಿದ್ದು

ನಮ್ಮ ಅಡುಗೆಮನೆಯ ನಾಲ್ಕು ಕುರ್ಚಿಗಳಲ್ಲಿ ಒಂದಕ್ಕೆ ಮಾತ್ರ ಬೇರೆ ಬಣ್ಣದ ಬಟ್ಟೆ. ಬಂದವರು ಅದನ್ನು ನೋಡಿ, ಸೆಟ್ಟು ಒಡೆದುಹೋಯಿತಾ ಎಂದು ಕೇಳುತ್ತಾರೆ. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದೇನೆ. ಅದರ ಮೊದಲಿನ ಬಟ್ಟೆ ಕೆನೆಬಣ್ಣದ್ದಾಗಿತ್ತು. 2017ರ ಶರತ್ಕಾಲದ ಒಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಚಹಾ ಕುಡಿದು ಎದ್ದುಹೋದ ಮೇಲೆ ಅಲ್ಲಿ ಅಂಗೈಯಗಲದ ರಕ್ತದ ಕಲೆ ಉಳಿದಿತ್ತು.

ಸುಳ್ಳು ಬರೆಯಬಾರದು. ನನಗೆ ಮೊದಲು ನೆನಪಾದದ್ದು ಅವರಲ್ಲ, ಮಡಿ. ನಮ್ಮ ಟೌನ್‌ಹೌಸಿನಲ್ಲಿ ದೇವರಿಗೆಂದು ಬೇರೆ ಕೋಣೆಯಿಲ್ಲ. ಅಡುಗೆಮನೆಯ ಕಪಾಟಿನ ಮೇಲಿನ ಅರೆಯೇ ದೇವರ ಗೂಡು. ಕುರ್ಚಿ ಅದಕ್ಕೆ ಎರಡು ಮಾರು ದೂರ. ದೀಪ ಇನ್ನೂ ಉರಿಯುತ್ತಿತ್ತು. ನಾನು ಕಲೆಯನ್ನೂ ದೀಪವನ್ನೂ ನೋಡುತ್ತ ನಿಂತೆ. ಆಮೇಲೆ ಹೊಳೆಯಿತು, ಅವರಿಗೆ ಅರವತ್ತೊಂದು ವರ್ಷ ಎಂದು. ಈ ವಯಸ್ಸಿನಲ್ಲಿ ಇದೆಂಥದು ಎಂದುಕೊಂಡ ಕೂಡಲೇ ಮಡಿ ತಲೆಯಿಂದ ಹೋಯಿತು. ಅದು ಆವತ್ತಿನ ಮೊದಲನೆಯ ದಯೆ ಎಂದು ಸಂಜೆ ಬೆರಳ ಗೆಣ್ಣಿನ ಮೇಲೆ ಎಣಿಸಿದೆ. ದಿನಕ್ಕೆ ಐದಾದರೂ ದಯೆಗಳನ್ನು ಎಣಿಸದೆ ದೀಪದ ಮುಂದಿನಿಂದ ಏಳಬಾರದು ಎಂದು ನನ್ನ ಅಮ್ಮ ಕಲಿಸಿದ್ದು. ಕೆಲವು ದಿನ ಐದಕ್ಕೆ ಬಹಳ ಹುಡುಕಬೇಕಾಗುತ್ತದೆ.

ಪಕ್ಕದ ಮನೆಯ ಅಕ್ಕ ಎಂದರೆ ಜಮೈಕಾದಿಂದ ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದವರು. ಕಪ್ಪು ಜನಾಂಗದ ಹೆಂಗಸು, ಎತ್ತರದ ಆಳು, ಭಾನುವಾರ ಚರ್ಚಿಗೆ ಹೋಗುವಾಗ ನೇರಳೆ ಬಣ್ಣದ ಟೋಪಿ. ಮೂವತ್ತು ವರ್ಷ ವೃದ್ಧಾಶ್ರಮದಲ್ಲಿ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ, ಉಣಿಸಿ, ಹೊರಳಿಸಿ ನಿವೃತ್ತರಾಗಿದ್ದರು. ನಾವು ಬ್ರ್ಯಾಂಪ್ಟನ್ನಿನಲ್ಲಿ ಮನೆ ಹಿಡಿಯುವಾಗ ನಮ್ಮದೇ ಪೈಕಿಯವರೊಬ್ಬರು ಫೋನಿನಲ್ಲಿ, ಪಕ್ಕದಲ್ಲಿ ಯಾರಿದ್ದಾರೆ ನೋಡಿ ತಗೊಳ್ಳಿ ಎಂದಿದ್ದರು. ಅದರ ಅರ್ಥ ನನಗೂ ಗೊತ್ತು, ನನ್ನ ಗಂಡನಿಗೂ ಗೊತ್ತು. ನಾವು ಹೂಂ ಎಂದಿದ್ದೆವು. ಬಂದ ಮೊದಲ ಚಳಿಗಾಲದಲ್ಲಿ ಗಂಡ ವೇರ್‌ಹೌಸಿನ ಬೆಳಗಿನ ಶಿಫ್ಟಿಗೆ ಹೋದ ಮೇಲೆ, ಉಡುಪಿ ಕಡೆಯಿಂದ ಬಂದ ನಾನು ಹಿಮದ ಸಲಿಕೆಯನ್ನು ಗದ್ದೆಯ ಗುದ್ದಲಿಯ ಹಾಗೆ ಎತ್ತಿ ಹೊಡೆಯುತ್ತಿದ್ದುದನ್ನು ನೋಡಿ ಅವರು ಹೊರಗೆ ಬಂದರು. ಹಿಮವನ್ನು ಎತ್ತಬಾರದು, ತಳ್ಳಬೇಕು ಎಂದು ತೋರಿಸಿಕೊಟ್ಟರು. ನಾನು ಅಕ್ಕ ಎಂದು ಕರೆದೆ. ಅರ್ಥ ಕೇಳಿ ತಿಳಿದುಕೊಂಡರು. ಅವರು ನನ್ನನ್ನು ಕರೆಯುವುದು ‘ನೇಬರ್’ ಎಂದು. ಇಬ್ಬರ ಮನೆಗೂ ಒಂದೇ ಗೋಡೆ. ಬೆಳಿಗ್ಗೆ ನಾನು ಜಪಕ್ಕೆ ಕುಳಿತರೆ ಆಚೆಯಿಂದ ಅವರ ಯೇಸುವಿನ ಹಾಡು ಕೇಳಿಸುತ್ತದೆ. ಎಷ್ಟೋ ಸಲ ನನ್ನ ಎಣಿಕೆ ತಪ್ಪಿದೆ.

ಅವರು ಮಾತಾಡುವುದು ಇಂಗ್ಲಿಷಿನಲ್ಲಿ. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆವತ್ತು ಕುರ್ಚಿಯ ಬಟ್ಟೆ ಬಿಚ್ಚಿ ಸುತ್ತಿಕೊಂಡು ಅವರ ಬಾಗಿಲಿಗೆ ಹೋದೆ. ಅವರು ಬಟ್ಟೆ ನೋಡಿದರು, ನನ್ನ ಮುಖ ನೋಡಿದರು, ಒಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ತೊಳೆದುಕೊಡುತ್ತೇನೆ ಎಂದರು. ಬಟ್ಟೆ ಹಾಳಾಗಿ ಹೋಗಲಿ, ಎಷ್ಟು ದಿನದಿಂದ ಎಂದು ಕೇಳಿದೆ. ಮೂರು ತಿಂಗಳಾಗಿತ್ತು. ಒಮ್ಮೆ ಡಾಕ್ಟರ ಹತ್ತಿರ ಹೋಗಿ ಹೇಳಿಯೂ ಆಗಿತ್ತು. ವಯಸ್ಸು ಎಂದರಂತೆ, ತೂಕ ಎಂದರಂತೆ, ದಿನಾ ನಡೆಯಿರಿ ಎಂದರಂತೆ. ಕೈಯಿಟ್ಟು ನೋಡಲಿಲ್ಲ. ಇನ್ನು ಹೋಗುವುದಿಲ್ಲ ಎಂದರು ಅಕ್ಕ. ದೇವರು ನೋಡಿಕೊಳ್ಳುತ್ತಾನೆ. ಮಗಳಿಗೆ ಹೇಳಬಾರದು, ಅವಳಿಗೆ ಪುಟ್ಟ ಮಕ್ಕಳಿವೆ, ಹೆದರಿಕೊಳ್ಳುತ್ತಾಳೆ ಎಂದು ನನ್ನಿಂದ ಮಾತು ತೆಗೆದುಕೊಂಡರು.

ದೇವರು ನೋಡಿಕೊಳ್ಳುತ್ತಾನೆ ಎಂಬ ಮಾತನ್ನು ನಾನು ದಿನಕ್ಕೆ ಹತ್ತು ಸಲ ಹೇಳುವವಳು. ಬೇರೆಯವರ ಬಾಯಲ್ಲಿ ಕೇಳಿದಾಗ ಮೊದಲ ಬಾರಿಗೆ ನನಗೆ ಭಯವಾಯಿತು. ನನ್ನ ಚಿಕ್ಕಮ್ಮ ಒಬ್ಬರಿಗೆ ಹೀಗೇ ಆಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಹೇಳುವಷ್ಟರಲ್ಲಿ ತಡವಾಗಿತ್ತು. ಅದನ್ನು ಅಕ್ಕನಿಗೆ ಹೇಳಿದೆ. ಅವರು ನನ್ನ ಕೈ ತಟ್ಟಿ, ಚಹಾ ಚೆನ್ನಾಗಿತ್ತು ನೇಬರ್ ಎಂದರು.

ಸುಮಾರು ಎರಡು ವಾರದ ಮೇಲೆ ಅವರೇ ಒಂದು ಕಾಗದ ಹಿಡಿದು ಬಂದರು. ಚರ್ಚಿನ ಬೋರ್ಡಿಗೆ ಹಚ್ಚಿದ್ದರಂತೆ. ವಿಶ್ವವಿದ್ಯಾಲಯದ ಒಂದು ತಂಡ ಕಪ್ಪು ಹೆಂಗಸರಿಗೂ ಅವರ ಡಾಕ್ಟರುಗಳಿಗೂ ನಡುವೆ ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಮುರಿಯುತ್ತದೆ ಎಂದು ಅಧ್ಯಯನ ಮಾಡುತ್ತಿದೆ. ಮಾತಾಡಲು ಒಪ್ಪುವವರು ಬೇಕು. ಮಾತಾಡುವುದೆಂದರೆ ಡಾಕ್ಟರ ಬಳಿ ಹೋದಂತಲ್ಲವಲ್ಲ, ಅದಕ್ಕೆ ಹೂಂ ಎಂದೆ ಎಂದರು. ಆದರೆ ಅವರ ಮನೆಯಲ್ಲಿ ಆಗುವುದಿಲ್ಲ, ಮಗಳು ಹೊತ್ತುಗೊತ್ತಿಲ್ಲದೆ ಮಕ್ಕಳನ್ನು ಬಿಡಲು ಬರುತ್ತಾಳೆ. ನಿನ್ನ ಅಡುಗೆಮನೆ ಕೊಡುತ್ತೀಯಾ ಎಂದು ಕೇಳಿದರು.

ನನ್ನ ಗಂಡ ಕೇಳಿ ನಕ್ಕರು. “ನಂಬಿಕೆಯನ್ನು ಎಂತ ಮಾರಾಯ್ತಿ ಸ್ಟಡಿ ಮಾಡುದು? ಬಿ.ಪಿ. ಹಾಗೆ ಪಟ್ಟಿ ಕಟ್ಟಿ ಅಳೀಲಿಕ್ಕೆ ಆಗ್ತದಾ?” ನನಗೂ ಅದೇ ಅನ್ನಿಸಿತ್ತು. ಆದರೂ ಅಡುಗೆಮನೆ ಕೊಟ್ಟೆ. ಮಾತಿನಿಂದ ಮಾತಾಗಿ ಏನಾದರೂ ದಾರಿ ಕಾಣಬಹುದು ಎಂಬುದು ನನ್ನ ಒಳಗಿನ ಆಸೆ. ಅಡುಗೆಮನೆಯೆಂದರೆ ಅಷ್ಟಕ್ಕಾದರೂ ಆಗಬೇಡವೇ?

ತಂಡದಿಂದ ಬಂದದ್ದು ಒಬ್ಬಳೇ. ಮೂವತ್ತು ದಾಟಿದ ಹೆಣ್ಣುಮಗಳು, ಅವಳೂ ಕಪ್ಪು ಜನಾಂಗದವಳೇ. ಹೇಳಿಸಿಕೊಳ್ಳದೆ ಬೂಟು ಬಿಚ್ಚಿದಳು. ಕಾಲುಚೀಲದ ಮೇಲೆ ನಿಂಬೆಹಣ್ಣಿನ ಚಿತ್ರ. ಒಂದು ಒಪ್ಪಿಗೆಯ ಕಾಗದವನ್ನು ಅವಸರವಿಲ್ಲದೆ ಓದಿ ಹೇಳಿದಳು. ಬೇಡವೆನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಹೆಸರು ಎಲ್ಲೂ ಬರುವುದಿಲ್ಲ, ಮಾತನ್ನೆಲ್ಲ ಬರೆದಾದ ಮೇಲೆ ತಂದು ತೋರಿಸುತ್ತೇವೆ, ಬೇಡದ ಸಾಲನ್ನು ನೀವೇ ಹೊಡೆದುಹಾಕಬಹುದು. ನನ್ನ ಕಡೆ ತಿರುಗಿ, ಅವರು ಬಯಸಿದರೆ ನೀವು ಇರಬಹುದು, ಆದರೆ ಈ ಅಧ್ಯಯನ ನಿಮ್ಮನ್ನು ಕುರಿತದ್ದಲ್ಲ, ನೀವು ಮಾತಾಡಿದರೆ ಬರಹದಲ್ಲಿ ‘ಇನ್ನೊಬ್ಬರು’ ಎಂದಷ್ಟೇ ಬರುತ್ತದೆ ಎಂದಳು. ಬೇಸರವಾಗದ ಹಾಗೆ ಹೇಳಿದಳು. ನನಗೆ ನಿರಾಳವೇ ಆಯಿತು. ನನಗೆ ಡಾಕ್ಟರುಗಳ ಬಗ್ಗೆ ಹೇಳಲಿಕ್ಕೆ ಏನಿತ್ತು? ನನ್ನ ಅಪ್ಪ ಡಾಕ್ಟರ ಕ್ಲಿನಿಕ್ಕಿನ ಹೊರಗೆ ಚಪ್ಪಲಿ ಬಿಟ್ಟು, ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಒಳಗೆ ಹೋಗುತ್ತಿದ್ದವರು. ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ನಮಗೆ ಮರ್ಯಾದೆ.

ಅವಳು ನನ್ನ ಪಾತ್ರೆ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಅದರ ಮೇಲೆ ರೆಕಾರ್ಡರು ಇಟ್ಟಳು. ಮೇಜು ಅಲ್ಲಾಡಿದ ಸದ್ದು ಬಾರದಿರಲಿ ಎಂದು. ಆಮೇಲೆ ಒಂದು ಪ್ರಶ್ನೆ ಕೇಳಿ ಸುಮ್ಮನಾದಳು. ಅವಳ ಕೆಲಸದ ಕ್ರಮ ಅದು: ಕೇಳುವುದು, ಕಾಯುವುದು. ಅಕ್ಕ ಮಾತು ನಿಲ್ಲಿಸಿದರೆ ಇವಳೂ ಮಾತಾಡುವುದಿಲ್ಲ. ಮುಖದಲ್ಲಿ ನಗುವಿಲ್ಲ, ಅಯ್ಯೋ ಎನ್ನುವುದೂ ಇಲ್ಲ, ಕೈಯ ಪೆನ್ನು ಕಾಗದದ ಮೇಲೆ ಹಾಗೇ ನಿಂತಿರುತ್ತದೆ. ನನಗೋ ಆ ಮೌನ ತಡೆಯಲಾಗುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಸುಮ್ಮನಾದರೆ ಕಾಫಿ ಮಾಡಲಾ ಎಂದು ಕೇಳುತ್ತೇವೆ. ಮೂರು ಸಲ ಎದ್ದೆ. ಮೂರನೆಯ ಸಲ ಅಕ್ಕನೇ, ನೇಬರ್, ಕೂತುಕೋ ಎಂದರು.

ಆವತ್ತು ಅಕ್ಕ ಹೇಳಿದ್ದನ್ನೆಲ್ಲ ಬರೆಯುವುದು ಸರಿಯಲ್ಲ, ಅದು ಅವರದ್ದು. ಮಗಳು ಹುಟ್ಟುವಾಗ ನೋವು ಬೇರೆ ಥರ ಇದೆ ಎಂದು ಎಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲವಂತೆ, ನಿಮ್ಮಂಥವರು ಗಟ್ಟಿ, ತಡೆದುಕೊಳ್ಳುತ್ತೀರಿ ಎಂದರಂತೆ. ಅಷ್ಟನ್ನು ಬರೆಯಲು ಅವರೇ ಒಪ್ಪಿದ್ದಾರೆ. ಗಟ್ಟಿ ಎಂಬ ಮಾತು ನಮ್ಮಲ್ಲಿ ಹೊಗಳಿಕೆ. ಅವರು ಅದನ್ನು ಹೇಳಿದಾಗ ಬಾಯಲ್ಲಿ ಕಲ್ಲು ಸಿಕ್ಕಿದವರ ಹಾಗೆ ಹೇಳಿದರು.

ಕೊನೆಗೆ ಅವಳು ಕೇಳಿದಳು, ಹಿಂದಿನ ಸಲ ಡಾಕ್ಟರ ಕೋಣೆಗೆ ಹೋದಾಗ ನಿಮ್ಮ ಜೊತೆ ಯಾರಿದ್ದರು? ಯಾರೂ ಇಲ್ಲ ಎಂದರು ಅಕ್ಕ. ಯಾರಾದರೂ ಇದ್ದಿದ್ದರೆ ಎಂದು ಅವಳು ಕೇಳಲಿಲ್ಲ. ಕಾದಳು, ಅಷ್ಟೆ. ಅಕ್ಕ ನನ್ನ ಕಡೆ ನೋಡಿದರು. ಅಷ್ಟರಲ್ಲಿ ನನ್ನ ಕುಕ್ಕರು ಒಂದು ಸೀಟಿ ಹೊಡೆಯಿತು. ಮೂವರೂ ಬೆಚ್ಚಿಬಿದ್ದು ನಕ್ಕೆವು. ರೆಕಾರ್ಡರು ನಿಲ್ಲಿಸಿ ಅವಳು ಹೋದ ಮೇಲೆ ಅಕ್ಕ ಹೇಳಿದರು, ನೀನು ಬರುತ್ತೀಯಾದರೆ ಇನ್ನೊಂದು ಸಲ ಹೋಗುತ್ತೇನೆ ಎಂದು. ಆ ಸಂಜೆ ನನಗೆ ದಯೆಗಳನ್ನು ಹುಡುಕಬೇಕಾಗಲಿಲ್ಲ.

ಡಾಕ್ಟರ ಆಫೀಸಿಗೆ ಎರಡು ಬಸ್ಸು. ದಾರಿಯುದ್ದಕ್ಕೂ ಅಕ್ಕ ಹೇಳಬೇಕಾದ್ದನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಒಳಗೆ ಕರೆದರು. ಕೋಣೆಯಲ್ಲಿ ಡಾಕ್ಟರ ಗಾಲಿಸ್ಟೂಲು ಬಿಟ್ಟರೆ ಎರಡು ಕುರ್ಚಿ. ಬಾಗಿಲಲ್ಲಿ ನಾನು ಚಪ್ಪಲಿ ಬಿಡಲು ಬಗ್ಗಿದೆ, ಬೂಟು ಹಾಕಿದ್ದೇನೆ ಎಂದು ನೆನಪಾಗಿ ಎದ್ದೆ. ಡಾಕ್ಟರು ನಮ್ಮ ದೇಶದವರೇ, ಉತ್ತರದ ಕಡೆಯವರು, ಬೆಳ್ಳಗಿನ ಕೂದಲು, ಒಳ್ಳೆಯ ಉಣ್ಣೆ ಬಟ್ಟೆಯ ಕೋಟು. ನನ್ನ ಹಣೆಯ ಕುಂಕುಮ ನೋಡಿ ಅವರ ಮುಖ ಅರಳಿತು.

ಅಕ್ಕ ಹೇಳಲು ಶುರುಮಾಡಿದರು. ಎರಡು ವಾಕ್ಯ ಆಗಿತ್ತು. ಡಾಕ್ಟರು ಕಂಪ್ಯೂಟರು ನೋಡುತ್ತ ವಯಸ್ಸು, ತೂಕ, ಬಿ.ಪಿ. ಎಂದರು. ಆಮೇಲೆ ಸ್ಟೂಲನ್ನು ನನ್ನ ಕಡೆ ತಿರುಗಿಸಿ ಹಿಂದಿಯಲ್ಲಿ, ಸುಮ್ಮನೆ ಗಾಬರಿಯಾಗಿದ್ದಾರೆ, ನೀವು ಸ್ವಲ್ಪ ಸಮಾಧಾನ ಹೇಳಿ ಬೆಹೆನ್‌ಜೀ ಎಂದರು.

ನಾನು “ಹಾಂಜೀ, ಡಾಕ್ಟರ್ ಸಾಬ್” ಎಂದು ತಲೆಯಾಡಿಸಿದೆ.

ನನ್ನ ಹಿಂದಿ ಪಂಜಾಬಿ ಅಂಗಡಿಯಲ್ಲಿ ಕೊತ್ತಂಬರಿ ಕೇಳುವಷ್ಟು. ಇಷ್ಟಾದರೂ ಅರ್ಥವಾಯಿತಲ್ಲ, ದೊಡ್ಡ ಡಾಕ್ಟರು ನನ್ನನ್ನು ಬೆಹೆನ್‌ಜೀ ಎಂದರಲ್ಲ ಎಂದು ಒಳಗೆ ಸಣ್ಣ ಹೆಮ್ಮೆಯೂ ಆಯಿತು. ಅದನ್ನೂ ಬರೆಯಬೇಕು. ನಾನು ನಗುತ್ತಲೇ ಇದ್ದೆ. ಡಾಕ್ಟರು ಅಕ್ಕನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನಿಮ್ಮ ಸ್ನೇಹಿತೆಗೆ ಅರ್ಥವಾಗಿದೆ, ಆರು ತಿಂಗಳು ಬಿಟ್ಟು ಬನ್ನಿ ಎಂದು ಎದ್ದರು. ಐದು ನಿಮಿಷವೂ ಆಗಿರಲಿಲ್ಲ.

ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಕುಳಿತರು. ನಾನು ಅವರ ಹೆಗಲು ನೋಡುತ್ತ ಮನೆಗೆ ಬಂದೆ. ಬಾಗಿಲಲ್ಲಿ, ಥ್ಯಾಂಕ್ಯೂ ಫಾರ್ ಕಮಿಂಗ್ ಎಂದರು. ನೇಬರ್ ಎನ್ನಲಿಲ್ಲ.

ಆಮೇಲೆ ಮೂರು ವಾರ ಆ ಬಾಗಿಲು ತೆರೆಯಲಿಲ್ಲ. ಬೆಳಗಿನ ಹಾಡು ಮಾತ್ರ ಗೋಡೆಯಾಚೆ ಕೇಳುತ್ತಿತ್ತು. ಹಾಡು ಕೇಳಿದರೆ ಬದುಕಿದ್ದಾರೆ ಎಂದುಕೊಳ್ಳುತ್ತಿದ್ದೆ. ಗಂಡನಿಗೆ ನಡೆದದ್ದನ್ನು ಹೇಳಿದಾಗ ಅವರು ತಪ್ಪೆಂತ ಉಂಟು, ಡಾಕ್ಟ್ರಿಗೆ ಎದುರು ಹೇಳ್ಲಿಕ್ಕೆ ಆಗ್ತದಾ ಎಂದರು. ಏಳನೇ ಕ್ಲಾಸಿನ ಮಗಳು ಫೋನಿನಿಂದ ತಲೆಯೆತ್ತದೆ, “ಅಮ್ಮಾ, ಯು ನಾಡ್ ಅಟ್ ಎವ್ರಿವನ್” ಎಂದಳು, ಎಲ್ಲರಿಗೂ ತಲೆಯಾಡಿಸುತ್ತೀ ಎಂದು. ಅವಳ ಟೀಚರು ಅವಳು ಕ್ಲಾಸಿನಲ್ಲಿ ಮಾತಾಡುವುದಿಲ್ಲ ಎಂದಾಗಲೂ ನಾನು ಹಾಗೇ ಮಾಡಿದೆನಂತೆ. ಮೀಟಿಂಗಿನಿಂದ ಬರುವಾಗ ಕಾರಿನಲ್ಲಿ ಅವಳು ಅತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

ಅಧ್ಯಯನದವಳು ಎರಡನೆಯ ಮಾತುಕತೆಗೆ ಬರುವ ದಿನ ಮೊದಲೇ ಗೊತ್ತಾಗಿತ್ತು. ಅಕ್ಕ ಬೇರೆ ಜಾಗ ಹೇಳಿರುತ್ತಾರೆ ಎಂದುಕೊಂಡಿದ್ದೆ. ಆದರೆ ಹೇಳಿದ ಹೊತ್ತಿಗೆ ಸರಿಯಾಗಿ ಅವರು ನಮ್ಮ ಬಾಗಿಲು ತಟ್ಟಿದರು. ಹೊಸ ಬಟ್ಟೆ ಹಾಕಿಸಿದ ಕುರ್ಚಿಯನ್ನು ನೋಡಿದರು, ಅದನ್ನೇ ಎಳೆದುಕೊಂಡು ಕುಳಿತರು. ನಾನು ಒಲೆಯ ಹತ್ತಿರ, ಬೆನ್ನು ತಿರುಗಿಸಿ ಬೀನ್ಸ್ ಹೆಚ್ಚುತ್ತಿದ್ದೆ. ಕುಕ್ಕರು ಇಟ್ಟಿರಲಿಲ್ಲ. ಹಿಂದಿನ ಸಲದ ಬರಹವನ್ನು ಅವಳು ತಂದಿದ್ದಳು. ಅದರಲ್ಲಿ ಎಲ್ಲದರ ನಡುವೆ ‘ಸೀಟಿ, ನಗು’ ಎಂದು ಬರೆದಿತ್ತು.

ನಾವು ಕಳೆದ ಸಲ ಮಾತಾಡಿದ ಮೇಲೆ ಏನಾಯಿತು ಎಂದು ಅವಳು ಕೇಳಿದಳು.

ಅಕ್ಕ ಎಲ್ಲವನ್ನೂ ಹೇಳಿದರು. ಹೆಸರು ಹೇಳಲಿಲ್ಲ, ಬೈಯಲಿಲ್ಲ. “ಅವರಿಬ್ಬರೂ ಅವರ ಭಾಷೆಯಲ್ಲಿ ನನ್ನ ತಲೆಯ ಮೇಲಿಂದ ಮಾತಾಡಿದರು. ನನ್ನ ಮೈಯ ಬಗ್ಗೆ. ನಾನು ಕರೆದುಕೊಂಡು ಹೋದವಳು ತಲೆಯಾಡಿಸಿದಳು.”

ಚಾಕು ಹಿಡಿದ ನನ್ನ ಕೈ ನಿಂತಿತು. ಅವಳು ಕಾದಳು. ಆ ಮೌನದಲ್ಲಿ ಕಾಫಿ ಮಾಡಲಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು, ಆಕೆಯಿಂದ ನಿಮಗೆ ಏನು ಬೇಕಿತ್ತು?

“ದೊಡ್ಡದೇನೂ ಬೇಕಿರಲಿಲ್ಲ. ತಲೆಯಾಡಿಸದೆ ಕೂತಿದ್ದರೆ ಸಾಕಿತ್ತು.”

ನಾನು ತಿರುಗಿ ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ರೆಕಾರ್ಡರಿನ ಕೆಂಪು ದೀಪ ಕಂಡಿತು. ಇದು ನನ್ನನ್ನು ಕುರಿತದ್ದಲ್ಲ ಎಂದು ಅವಳು ಮೊದಲೇ ಹೇಳಿದ್ದು ನೆನಪಾಯಿತು. ನನ್ನ ಕ್ಷಮೆಯನ್ನು ತಂದು ಅವರ ಮಾತಿನ ನಡುವೆ ಹಾಕಿದರೆ, ಅದೂ ಅವರ ತಲೆಯ ಮೇಲಿಂದ ಮಾತಾಡಿದ ಹಾಗೆಯೇ. ಬಾಯಿ ಮುಚ್ಚಿದೆ. ಬೀನ್ಸ್ ಹೆಚ್ಚಿದೆ. ಬದುಕಿನಲ್ಲಿ ನಾನು ಸುಮ್ಮನಿದ್ದದ್ದು ಬಹಳವಿದೆ. ಯೋಚಿಸಿ ಸುಮ್ಮನಿದ್ದದ್ದು ಅದೇ ಮೊದಲು ಇರಬೇಕು.

ಅವಳು ಹೋದ ಮೇಲೆ ಹೇಳಿದೆ. ಸಾರಿ ಎಂಬ ಒಂದು ಮಾತಲ್ಲ. ಅಪ್ಪನ ಬೈರಾಸು, ಚಪ್ಪಲಿ, ಬೆಹೆನ್‌ಜೀ ಎಂದದ್ದಕ್ಕೆ ಆದ ಹೆಮ್ಮೆ, ಎಲ್ಲ ಹೇಳಿದೆ. ನನ್ನ ಇಂಗ್ಲಿಷು ಎಲ್ಲೆಲ್ಲೋ ಮುರಿಯಿತು. ಅಕ್ಕ ಕೇಳುತ್ತ ಕೇಳುತ್ತ ಬೈರಾಸಿನ ಭಾಗ ಬಂದಾಗ ಅವರ ಅಜ್ಜನೂ ಹಾಗೇ ಟೋಪಿ ತೆಗೆಯುತ್ತಿದ್ದರು ಎಂದರು. ಆಮೇಲೆ, ಇವತ್ತಿಗೆ ಎಂಟು ದಿನದಿಂದ ರಕ್ತ ನಿಂತಿಲ್ಲ ನೇಬರ್ ಎಂದು ಮೆಲ್ಲಗೆ ಹೇಳಿದರು. ಅವರ ಉಗುರುಗಳು ಬಿಳುಚಿದ್ದವು. ಬೇರೆ ಡಾಕ್ಟರು ಸಿಗಲು ಎಷ್ಟೋ ತಿಂಗಳು ಬೇಕು. ಇರುವವರ ಹತ್ತಿರವೇ ಹೋಗಬೇಕು. ನಾನು ಕೇಳಿದೆ, ಇನ್ನೊಮ್ಮೆ ನನ್ನನ್ನು ಕರೆದುಕೊಂಡು ಹೋಗುತ್ತೀರಾ? ಅವರು ನನ್ನನ್ನು ಬಹಳ ಹೊತ್ತು ನೋಡಿ, ಕತ್ತು ಹಿಡಿದುಕೊಳ್ಳುತ್ತೀಯಾ ಎಂದರು. ಹಿಡಿದುಕೊಳ್ಳುತ್ತೇನೆ ಎಂದೆ.

ಡಾಕ್ಟರು ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು ಎಂದು ಹೊಸ ನೋಟ್‌ಬುಕ್ಕು ತಂದಿಟ್ಟಿದ್ದೆ. ಹೊರಡುವ ಗಡಿಬಿಡಿಯಲ್ಲಿ ಅದು ಫ್ರಿಜ್ಜಿನ ಮೇಲೆಯೇ ಉಳಿಯಿತು. ಡಾಕ್ಟರ ಕೋಣೆಯಲ್ಲಿ ಚೀಲಕ್ಕೆ ಕೈಹಾಕಿದರೆ ಸಿಕ್ಕಿದ್ದು ನನ್ನ ರಾಮನಾಮದ ಪುಸ್ತಕ. ದಿನಕ್ಕೆ ಒಂದು ಪುಟ ರಾಮನ ಹೆಸರು ಬರೆದು ತುಂಬಿಸಿ, ಮುಗಿದ ಮೇಲೆ ರಿಚ್ಮಂಡ್ ಹಿಲ್ಲಿನ ದೇವಸ್ಥಾನಕ್ಕೆ ಒಪ್ಪಿಸುವ ಪುಸ್ತಕ ಅದು. ಬೇರೆ ಅಕ್ಷರ ಅದರಲ್ಲಿ ಬೀಳಬಾರದು. ಒಂದು ಕ್ಷಣ ಹಿಡಿದುಕೊಂಡು ಕುಳಿತೆ. ಡಾಕ್ಟರು ಬಂದರು. ರಾಮಾ, ನೀನೇ ಜಾಗ ಕೊಡು ಎಂದು ಪುಟ ತೆರೆದೆ.

ಅವರಿಗೆ ನನ್ನ ಗುರುತು ಹತ್ತಿತು. ಆಯಿಯೇ ಬೆಹೆನ್‌ಜೀ ಎಂದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಒಪ್ಪಿಸಿದೆ: “ಡಾಕ್ಟರ್, ಇಂಗ್ಲಿಷಿನಲ್ಲಿ ಹೇಳಿ, ಅವರಿಗೆ ಹೇಳಿ. ನಾನು ಬರೆದುಕೊಳ್ಳುವವಳು ಮಾತ್ರ.”

ಅವರ ನಗು ಸ್ವಲ್ಪ ಇಳಿಯಿತು. ಅಕ್ಕ ಹೇಳಿದರು, ಈ ಸಲ ಪೂರ್ತಿ. ಎಷ್ಟು ತಿಂಗಳು, ಎಷ್ಟು ದಿನ, ದಿನಕ್ಕೆ ಎಷ್ಟು ಬಟ್ಟೆ. ನಾನು ಬರೆದೆ, ಕನ್ನಡದಲ್ಲಿ, ಸಾಲು ಬಿಡದೆ. ಡಾಕ್ಟರು ಈ ವಯಸ್ಸಿನಲ್ಲಿ ಇದು ಸಾಮಾನ್ಯ, ಈಗ ಪರೀಕ್ಷೆ ಬೇಡ ಎಂದರು. ಅದನ್ನೂ ಬರೆದೆ. ಆಮೇಲೆ ನನ್ನ ಪುಸ್ತಕದ ಕಡೆ ಕಣ್ಣು ಹಾಯಿಸಿ, ಏನು ಬರೆಯುತ್ತಿದ್ದೀರಿ ಎಂದರು. ನೀವು ಹೇಳಿದ್ದನ್ನೇ, ಸ್ವಲ್ಪ ನಿಧಾನ ಹೇಳಿ, ನನ್ನ ಇಂಗ್ಲಿಷು ನಿಧಾನ ಎಂದೆ. ನಾಟಕವಲ್ಲ, ನಿಜವಾಗಿಯೂ ನಿಧಾನ. ಪುಟದಲ್ಲಿ ‘ಪರೀಕ್ಷೆ ಈಗ ಬೇಡ ಎಂದರು’ ಎಂದಾದ ಮೇಲೆ ‘ಕಾರಣ’ ಎಂದು ಬರೆದು ಎರಡು ಚುಕ್ಕಿ ಇಟ್ಟು ತಲೆಯೆತ್ತಿದೆ.

“ಕಾರಣ ಏನಂತ ಬರೀಲಿ ಡಾಕ್ಟರ್?”

ನನ್ನ ಕುತ್ತಿಗೆ ತಾನಾಗಿಯೇ ಅಲ್ಲಾಡಲು ಹೊರಟಿತು. ಜಡೆ ಹಾಕುವಾಗ ಮಗಳ ಗಲ್ಲ ಹಿಡಿಯುವ ಹಾಗೆ ಎಡಗೈಯಲ್ಲಿ ನನ್ನ ಗಲ್ಲವನ್ನೇ ಹಿಡಿದುಕೊಂಡೆ. ನಿಂಬೆಹಣ್ಣಿನ ಕಾಲುಚೀಲದವಳು ಹೇಗೆ ಪೆನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದಳೋ ಹಾಗೆ ಕಾದೆ. ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಸ್ಟೂಲನ್ನು ಅಕ್ಕನ ಕಡೆ ತಿರುಗಿಸಿದರು. ಅವರ ಮುಖ ನೋಡಿ, ಎಷ್ಟು ದಿನದಿಂದ ಎಂದಿರಿ ಎಂದು ಕೇಳಿದರು. ಆಮೇಲೆ ಕೇಳುತ್ತಲೇ ಹೋದರು. ಕೊನೆಗೆ ಪ್ರಿಂಟರು ಗುರ್ರೆಂದಿತು. ಸ್ಕ್ಯಾನಿಗೆ ಒಂದು ಕಾಗದ, ತಜ್ಞರಿಗೆ ಇನ್ನೊಂದು.

ಆ ಡಾಕ್ಟರು ಕೆಟ್ಟವರಲ್ಲ ಎಂದು ಈಗಲೂ ನನಗನ್ನಿಸುತ್ತದೆ. ಹೊರಗೆ ಕುರ್ಚಿ ಸಾಲದೆ ಜನ ನಿಂತಿದ್ದರು. ಆದರೆ ಒಳ್ಳೆಯವರಿಗೂ ಯಾರೋ ಒಬ್ಬರು ತಲೆಯಾಡಿಸದೆ ಎದುರು ಕೂತಿರಬೇಕೋ ಏನೋ. ದೇವರು ನೋಡಿಕೊಳ್ಳುತ್ತಾನೆ ಎಂಬ ಮಾತನ್ನು ನಾನು ಬಿಟ್ಟಿಲ್ಲ. ನೋಡಿಕೊಳ್ಳುವ ಕೆಲಸದಲ್ಲಿ ಸ್ವಲ್ಪವನ್ನು ಅವನು ಪಕ್ಕದ ಕುರ್ಚಿಯವರಿಗೆ ಹಂಚುತ್ತಾನೆ ಎಂದು ಮಾತ್ರ ಸೇರಿಸಿಕೊಂಡಿದ್ದೇನೆ.

ಚಳಿ ಮುಗಿಯುವ ಮುಂಚೆ ತಿಳಿಯಿತು. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಶುರುವಾಗಿತ್ತು. ಅಲ್ಲಿಂದ ಹೊರಗೆ ಹೋಗಿರಲಿಲ್ಲ. ಅಕ್ಕ ಆಗ ತಾವೇ ಮಗಳಿಗೆ ಫೋನು ಮಾಡಿ ಹೇಳಿದರು. ಅವಳು ಬಂದು ಮೊದಲು ಅಮ್ಮನಿಗೆ ಬೈದಳು, ಆಮೇಲೆ ನನಗೂ ಬೈದಳು, ಆಮೇಲೆ ನಮ್ಮಲ್ಲೇ ಕುಳಿತು ಅನ್ನ ಸಾರು ಉಂಡಳು. 2018ರ ಮಾರ್ಚಿನಲ್ಲಿ ಆಪರೇಶನ್ ಆಯಿತು. ಆ ಬೆಳಿಗ್ಗೆ ಗೋಡೆಯಾಚೆಯಿಂದ ಹಾಡಿರಲಿಲ್ಲ. ಜಪಕ್ಕೆ ಕುಳಿತವಳು ಅವರ ಹಾಡಿನ ರಾಗವನ್ನೇ ಗುನುಗುತ್ತಿದ್ದೆ. ಮಾತು ಬರದಿದ್ದಲ್ಲಿ ರಾಮ ರಾಮ ಎಂದು ಹಾಕಿಕೊಂಡೆ. ಮಧ್ಯಾಹ್ನ ಅವರ ಮಗಳ ಮೆಸೇಜು ಬಂತು. ಎಲ್ಲ ತೆಗೆದಿದ್ದಾರೆ, ಅಮ್ಮನಿಗೆ ಎಚ್ಚರವಾಗಿದೆ, ಆಸ್ಪತ್ರೆಯ ಚಹಾ ಸರಿಯಿಲ್ಲ ಎಂದು ಬೈಯುತ್ತಿದ್ದಾಳೆ.

ಬೇಸಿಗೆಯಲ್ಲಿ ಅಧ್ಯಯನದವಳು ಎರಡನೆಯ ಮಾತುಕತೆಯ ಬರಹ ತಂದಳು. ಅಕ್ಕ ಕನ್ನಡಕ ಏರಿಸಿಕೊಂಡು, ಪೆನ್ಸಿಲು ಹಿಡಿದು ಅದೇ ಕುರ್ಚಿಯಲ್ಲಿ ಕುಳಿತು ಓದಿದರು. ಯಾವ ಪುಟ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಹೊಡೆದುಹಾಕಲಿ ಎಂಬ ಆಸೆ ಇತ್ತು, ಸುಳ್ಳೇಕೆ. ಆ ಪುಟ ಬಂದಾಗ ಅವರು ಕಾಗದವನ್ನು ನನ್ನ ಕಡೆ ತಿರುಗಿಸಿದರು. ನಾನು ಕರೆದುಕೊಂಡು ಹೋದವಳು ತಲೆಯಾಡಿಸಿದಳು ಎಂದು ಅಚ್ಚಿನಲ್ಲಿತ್ತು.

“ಇದು ಇರಬೇಕು ನೇಬರ್. ಇದನ್ನು ತೆಗೆದರೆ ಇವರು ಏನು ಕಲಿಯುತ್ತಾರೆ?”

ಇರಲಿ ಎಂದೆ. ಅವರು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಏನೋ ಒಂದು ಸಾಲು ಸೇರಿಸಿ ಕಾಗದ ಮಡಚಿದರು. ನಾನು ಏನೆಂದು ಕೇಳಲಿಲ್ಲ. ಆವತ್ತು ಕಾಫಿ ಬೇಕಾ ಎಂದೂ ಕೇಳಲಿಲ್ಲ, ಮಾಡಿ ಮೂವರಿಗೂ ಇಟ್ಟೆ.

ರಾಮನಾಮದ ಪುಸ್ತಕ ಮರುವರ್ಷ ತುಂಬಿತು. ದೇವಸ್ಥಾನಕ್ಕೆ ಒಪ್ಪಿಸುವ ಮುಂಚೆ ಆ ಪುಟ ಹರಿಯಬೇಕೋ ಬೇಡವೋ ಎಂದು ಗಂಡನನ್ನು ಕೇಳಿದೆ. ಅವರು ಪುಸ್ತಕ ತೆಗೆದುಕೊಂಡು ಓದಿದರು. ಎಷ್ಟು ಬಟ್ಟೆ, ಎಷ್ಟು ದಿನ ಎಂಬುದನ್ನೆಲ್ಲ ಓದಿ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. “ಹರೀಬೇಡ. ಅವನೂ ಓದಲಿ,” ಎಂದರು. ಹಾಗೇ ಒಪ್ಪಿಸಿ ಬಂದೆ. ‘ಕಾರಣ’ ಎಂದು ಎರಡು ಚುಕ್ಕಿ ಇಟ್ಟಲ್ಲಿ ಮುಂದೆ ಏನೂ ಬರೆದಿಲ್ಲ. ಅದರ ಕೆಳಗಿನ ಸಾಲಿನಿಂದ ಮತ್ತೆ ರಾಮನ ಹೆಸರು.

ಅಕ್ಕ ಈಗಲೂ ಬೆಳಿಗ್ಗೆ ಚಹಾಕ್ಕೆ ಬರುತ್ತಾರೆ. ಮೊನ್ನೆ ಅವರು ಕುಳಿತಿದ್ದಾಗಲೇ ನನ್ನ ಮಗಳ ಶಾಲೆಯಿಂದ ಫೋನು ಬಂದಿತ್ತು. ಟೀಚರು ಏನೋ ಹೇಳುತ್ತಿದ್ದರು, ನಾನು ಹೂಂ ಹೂಂ ಎನ್ನುತ್ತ ನಿಂತಿದ್ದೆ. ಫೋನಿನಲ್ಲಿ ಕಾಣದಿದ್ದರೂ ನನ್ನ ತಲೆ ಆಡುತ್ತಿತ್ತಂತೆ. ಹಿಂದಿನಿಂದ ಮೇಜಿನ ಮೇಲೆ ಬೆರಳಲ್ಲಿ ಎರಡು ಸಲ ಕುಟ್ಟಿದ ಸದ್ದು ಕೇಳಿತು. ನಾನು ಗಲ್ಲ ಹಿಡಿದುಕೊಂಡು, ಟೀಚರಿಗೆ ಸ್ವಲ್ಪ ನಿಧಾನ ಹೇಳಿ ಎಂದೆ.